ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನೇ ಮುಂದಿನ ವರ್ಷ ಬಿತ್ತಬಹುದಾ?

ಹೊಲದಲ್ಲಿ ಬೆಳೆದ ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನೇ ಮತ್ತೆ ಬಿತ್ತಿದರೆ ಇಳುವರಿ ಯಾಕೆ ಬೀಳುತ್ತದೆ, ಕಂಪನಿಯವರು ಬೀಜಕ್ಕೆ ಏನಾದರೂ ಸೇರಿಸಿರ್ತಾರಾ ಎಂದು ಕೇಳಿದ್ದೀರಿ.

ಇಲ್ಲ, ಏನೂ ಸೇರಿಸಿರುವುದಿಲ್ಲ. ಆ ಕಾಳು ಚೆನ್ನಾಗಿಯೇ ಮೊಳೆಯುತ್ತದೆ. ವಿಷಯ ಇರುವುದು ಬೀಜ ಮಾಡುವ ರೀತಿಯಲ್ಲಿ.

ನಮ್ಮ ರಾಣೆಬೆನ್ನೂರು ಕಡೆ ಬೀಜೋತ್ಪಾದನೆಯ ಹೊಲಕ್ಕೆ ಒಮ್ಮೆ ಹೋಗಿ ನೋಡಿ. ನಾಲ್ಕು ಹೆಣ್ಣು ಸಾಲು, ಪಕ್ಕದಲ್ಲಿ ಒಂದೋ ಎರಡೋ ಗಂಡು ಸಾಲು. ಹೆಣ್ಣು ಸಾಲಿನ ಸೂಲಂಗಿ (ಗಿಡದ ತುದಿಯ ಗಂಡು ಹೂ) ಸುಳಿಯಿಂದ ಇಣುಕುತ್ತಿದ್ದ ಹಾಗೇ, ಪರಾಗದ ಪುಡಿ ಉದುರುವ ಮೊದಲೇ, ಒಂದೊಂದನ್ನೂ ಕೈಯಿಂದ ಕೀಳುತ್ತಾರೆ, ಗಂಡು ಸಾಲಿನ ಪರಾಗ ಮಾತ್ರ ಸಿಗಲಿ ಅಂತ. ದಿನಾ ಬೆಳಿಗ್ಗೆ ಸಾಲು ಸಾಲು ಸುತ್ತಲೇಬೇಕು. ಒಂದು ಗಿಡ ಕಣ್ತಪ್ಪಿದರೂ ಸುತ್ತಲಿನ ತೆನೆಗಳು ಕೆಟ್ಟವು ಅಂತಲೇ ಲೆಕ್ಕ.

ಆ ಹೆಣ್ಣು ಗಿಡಗಳು ಬಡಕಲು, ತೆನೆಯೂ ಸಣ್ಣದು. ಆರೇಳು ತಲೆಮಾರು ತನ್ನದೇ ಪರಾಗದಿಂದ ಕಾಳು ಕಟ್ಟಿಸಿ ಮಾಡಿದ ತಳಿ ಅದು. ಅಂಥ ಎರಡು ಬೇರೆ ಬೇರೆ ತಳಿ ಕೂಡಿಸಿದರೆ ಹುಟ್ಟುವ ಗಿಡ, ಅಂದರೆ ಹೈಬ್ರಿಡ್, ಅಪ್ಪ ಅಮ್ಮ ಇಬ್ಬರನ್ನೂ ಮೀರಿಸುತ್ತದೆ. ಅಮೆರಿಕದ ಸಸ್ಯವಿಜ್ಞಾನಿ ಜಾರ್ಜ್ ಶಲ್ 1908ರಲ್ಲೇ ಇದನ್ನು ತೋರಿಸಿಕೊಟ್ಟರು. ಬಡಕಲು ತಾಯಿ ಕಾಳು ಕೊಡುವುದೇ ಕಡಿಮೆ, ಹಾಗಾಗಿ ಬೀಜ ದುಬಾರಿ.

ಈಗ ನಿಮ್ಮ ಹೊಲಕ್ಕೆ ಬರೋಣ. ಅಲ್ಲಿನ ಗಿಡಗಳೆಲ್ಲ ಒಂದೇ ಅಪ್ಪ ಅಮ್ಮನ ಮಕ್ಕಳು, ಒಂದಕ್ಕೊಂದು ಪಡಿಯಚ್ಚು. ಪಕ್ಕದ ಗಿಡದ ಪರಾಗ ಬಿದ್ದರೂ ತನ್ನದೇ ಬಿದ್ದ ಹಾಗೆ. ಯಾವುದೇ ಒಂದು ಜೀನ್ (ವಂಶವಾಹಿ) ತೆಗೆದುಕೊಳ್ಳಿ, ಪ್ರತಿ ಗಿಡದಲ್ಲೂ ಅದರ ಎರಡು ಪ್ರತಿ ಇರುತ್ತವೆ: ಮುಂದಿನ ಪೀಳಿಗೆಯಲ್ಲಿ ಕಾಲು ಭಾಗದ ಗಿಡಗಳಿಗೆ ಎರಡೂ ಪ್ರತಿ ಅಮ್ಮನ ಕಡೆಯದು, ಇನ್ನು ಕಾಲು ಭಾಗಕ್ಕೆ ಎರಡೂ ಅಪ್ಪನ ಕಡೆಯದು. ಅರ್ಧಕ್ಕೆ ಮಾತ್ರ ಬೆರಕೆ ಉಳಿಯುತ್ತದೆ. ಬೆರಕೆಯಿಂದ ಬಂದಿದ್ದ ಹೆಚ್ಚುವರಿ ಕಸುವೂ ಹೆಚ್ಚುಕಮ್ಮಿ ಅರ್ಧ ಹೋಗುತ್ತದೆ. ಪೂರ್ತಿ ಇಳುವರಿ ಅರ್ಧವಾಗುತ್ತದೆ ಅಂತಲ್ಲ, ಅಪ್ಪ ಅಮ್ಮನಿಗಿಂತ ಜಾಸ್ತಿ ಬಂದಿದ್ದ ಪಾಲಿನಲ್ಲಿ ಅರ್ಧ. ಜೊತೆಗೆ ಒಂದು ಗಿಡ ಎತ್ತರ, ಒಂದು ಗಿಡ್ಡ. ಹೂ ಬಿಡುವ ಸಮಯವೂ ಹಿಂದುಮುಂದು. ತೆನೆಯ ಒಂದೊಂದು ಕೂದಲೂ ಒಂದೊಂದು ಕಾಳಿಗೆ ಸೇರಿದ್ದು. ಪರಾಗ ಸಿಗದ ಕೂದಲಿನ ಕಡೆ ಕಾಳೇ ಕಟ್ಟುವುದಿಲ್ಲ.

ಬೀಜ ಮನೆಯಲ್ಲೇ ಉಳಿಸಬೇಕು ಅಂದರೆ ಎನ್‌ಎಸಿ 6004ರಂಥ ಸಂಯುಕ್ತ ತಳಿ (ಹಲವು ತಳಿ ಬೆರೆಸಿ ಮಾಡಿದ್ದು) ಹಾಕಿ. ಒಳ್ಳೆ ನೀರು ಗೊಬ್ಬರ ಕೊಟ್ಟರೂ ಹೈಬ್ರಿಡ್ಡಿನಷ್ಟು ಬರಲ್ಲ, ಆದರೆ ವರ್ಷಾ ವರ್ಷಾ ಬೀಜ ಕೊಳ್ಳುವ ಖರ್ಚಿಲ್ಲ. ಪಕ್ಕದವರ ಹೈಬ್ರಿಡ್ ಹೊಲದಿಂದ ದೂರ ಬಿತ್ತಿ. ಬೀಜಕ್ಕೆ ಹೊಲದ ನಡುಭಾಗದ ತೆನೆಗಳನ್ನೇ ಆರಿಸಿ, ಅದೂ ನೂರಾರು ಗಿಡಗಳಿಂದ. ನಾಲ್ಕೇ ದಪ್ಪ ತೆನೆ ಎತ್ತಿಟ್ಟರೆ ಕೆಲವೇ ವರ್ಷದಲ್ಲಿ ಅದೂ ಬಡಕಲಾಗುತ್ತದೆ.