ಟಬ್ಬಿನಲ್ಲಿ ಆಮೆ, ಅಟ್ಟದಲ್ಲಿ ಕಬ್ಬೆಕ್ಕು

ಪ್ರಶ್ನೆ: ಮಾಷ್ಟ್ರೇ, ತೋಟದ ಕಣಿಯ ಕೆಸರು ತೆಗೆಯುವಾಗ ಒಂದು ಕಪ್ಪು ಆಮೆ ಸಿಕ್ಕಿತು. ಮಗ ಅದನ್ನು ಟಬ್ಬಿನಲ್ಲಿ ಇಟ್ಟುಕೊಂಡಿದ್ದಾನೆ. ಅನ್ನ ಹಾಕಿದರೆ ಮುಟ್ಟುವುದಿಲ್ಲ. ಬಾವಿಗೆ ಬಿಟ್ಟರೆ ನೀರು ಚೊಕ್ಕ ಇರ್ತದೆ ಅಂತಾರೆ ಮಾವ. ನಿಮ್ಮ ಮನೆಯಲ್ಲೂ ಆಮೆ ಇತ್ತಂತಲ್ಲ? ಏನು ಮಾಡಲಿ?
– ಬದಿಯಡ್ಕದ ಓದುಗರು

ಉತ್ತರ: ಇವತ್ತೇ ಬಿಟ್ಟುಬಿಡಿ. ಸಿಕ್ಕಿದ ಅದೇ ಕಣಿಗೆ ಬಿಡಿ. ಬಾವಿಗೆ ಬೇಡ.

ಅದರ ಬೆನ್ನಿನ ಮೇಲೆ ಉದ್ದಕ್ಕೆ ಮೂರು ಏಣು ಇದೆಯಾ ನೋಡಿ. ಇದ್ದರೆ ಅದು ನಮ್ಮ ಕೆರೆ, ಮದಕ, ತೋಡುಗಳಲ್ಲಿ ಇರುವ ಕರಿಯಾಮೆ. ಬಸವನಹುಳು, ಎರೆಹುಳು, ಸಣ್ಣ ಮೀನು, ನೀರಿನ ಸೊಪ್ಪು ಎಲ್ಲ ತಿನ್ನುತ್ತದೆ. ಬರೀ ಅನ್ನ ತಿಂದು, ಬಿಸಿಲೂ ಇಲ್ಲದೆ ಇದ್ದರೆ ಸುಣ್ಣದಂಶ ಸಾಲದೆ ಚಿಪ್ಪು ಮೆತ್ತಗಾಗುತ್ತದೆ. ಕಾಡುಜೀವಿಯನ್ನು ಹಿಡಿದಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಪೆರ್ಲದ ಹತ್ತಿರ ನಮ್ಮ ಹಳೇ ಮನೆಯ ಬಾವಿಯಲ್ಲಿ ಆಮೆ ಇತ್ತು, ನಿಜ. ಆಗ ಎಷ್ಟೋ ಮನೆಗಳಲ್ಲಿ ಇತ್ತು. ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಆಚರಣೆ ದಿನ) ಮೊದಲು ನೀರು ತಳ ಕಂಡಾಗ ಒಬ್ಬರು ಹಗ್ಗ ಹಿಡಿದು ಇಳಿಯುತ್ತಿದ್ದರು. ಕೆಸರಿನ ಬುಟ್ಟಿಗಳ ನಡುವೆ ಒಂದು ಬುಟ್ಟಿಯಲ್ಲಿ ಆಮೆಯೂ ಮೇಲೆ ಬರುತ್ತಿತ್ತು. ಅಜ್ಜಿ ಅದನ್ನು ಕಲ್ಲಿನ ಮೇಲಿಟ್ಟು ತೆಂಗಿನ ನಾರಿನಿಂದ ಚಿಪ್ಪು ತಿಕ್ಕುತ್ತಿದ್ದರು. ಮುಟ್ಟಿದ ಕೂಡಲೇ ಅದು ಗಬ್ಬು ವಾಸನೆ ಬಿಡುತ್ತಿತ್ತು. ಅಜ್ಜಿ ಮೂಗು ಮುಚ್ಚಿಕೊಳ್ಳದೆ, ಏಣುಗಳ ಸಂದಿನ ಪಾಚಿಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟರೆ ಆಮೆಯ ಕುತ್ತಿಗೆ ಮೆಲ್ಲ ಹೊರಗೆ ಬರುತ್ತಿತ್ತು. ಬಿಸಿಲಿಗೆ ಕಣ್ಣು ಮುಚ್ಚಿ ಹಾಗೇ ಕೂರುತ್ತಿತ್ತು. ಅದಕ್ಕೆ ಬಿಸಿಲು ಎಷ್ಟು ಬೇಕಿತ್ತು ಅಂತ ನನಗೆ ಆಗಲೇ ಕಾಣುತ್ತಿತ್ತು.

ಮುರಕಲ್ಲಿನ ಬಾವಿಯ ಗೋಡೆ ನೆಟ್ಟಗೆ ಇರುತ್ತದೆ, ಅದಕ್ಕೆ ಹತ್ತಲು ಆಗುವುದಿಲ್ಲ. ಒಳಗೆ ಬಿಸಿಲಿಲ್ಲ, ಮೊಟ್ಟೆ ಇಡಲು ಮಣ್ಣಿಲ್ಲ, ಜೊತೆಗೆ ಇನ್ನೊಂದು ಆಮೆಯೂ ಇಲ್ಲ. ನೀರಿನ ಹುಳ ತಿನ್ನುತ್ತದೆ ಅನ್ನುವುದು ಸರಿ. ಆದರೆ ಅದರ ಹೇಲೂ ಅದೇ ನೀರಿಗೆ ತಾನೇ? ಮಾವನಿಗೆ ಇಷ್ಟನ್ನು ಸಮಾಧಾನದಲ್ಲಿ ಹೇಳಿ.

ಇನ್ನೊಂದು ಮಾತು. ಗುರುತಿಗೆ ಅಂತ ಚಿಪ್ಪಿನ ಅಂಚಿಗೆ ತೂತು ಕೊರೆದು ದಾರ ಕಟ್ಟಲು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ನೆರೆಮನೆಯಲ್ಲಿ ಹಾಗೆ ಮಾಡಿದ್ದನ್ನು ನಾನು ಕಂಡಿದ್ದೇನೆ. ತೂತಿನಿಂದ ರಕ್ತ ಬಂತು. ಚಿಪ್ಪು ಅಂದರೆ ಹೊರಗಿನ ತೊಡುಗೆಯಲ್ಲ, ಅದರ ಪಕ್ಕೆಲುಬು, ಬೆನ್ನೆಲುಬು ಎಲ್ಲ ಸೇರಿಯೇ ಆದದ್ದು. ಮುಟ್ಟಿದರೂ ತಿಳಿಯುತ್ತದೆ, ನೋವೂ ಆಗುತ್ತದೆ.

ಮಗನಿಗೆ ಬೇಸರವಾಗಬಹುದು. ಅವನ ಕೈಯಲ್ಲೇ ಬಿಡಿಸಿ. ಮಳೆ ಹಿಡಿದ ಮೇಲೆ ರಾತ್ರಿ ಟಾರ್ಚ್ ಹಿಡಿದು ಕಣಿಯ ಬದಿಗೆ ಕರೆದುಕೊಂಡು ಹೋಗಿ, ಅದು ಮೇಯಲು ಬರುವ ಹೊತ್ತು ಅದು. ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಜನ ಎಷ್ಟು ಸಂಕಟಪಟ್ಟರು, ಅಲ್ವಾ? ಆ ಮೊಸಳೆಯನ್ನು ಯಾರೂ ಕಟ್ಟಿ ಹಾಕಿರಲಿಲ್ಲ.

ಪ್ರಶ್ನೆ: ಅಟ್ಟದಲ್ಲಿ ಕಬ್ಬೆಕ್ಕಿನ ಮರಿಗಳಿವೆ. ತಾಯಿ ಕಾಣುತ್ತಿಲ್ಲ. ಹಾಲು ಕೊಡಬಹುದೇ? ನೀವು ಸಾಕಿದ್ದಿರಂತೆ.
– ಮುಳ್ಳೇರಿಯದ ಓದುಗರು

ಉತ್ತರ: ಹಗಲಲ್ಲಿ ತಾಯಿ ಕಾಣದಿದ್ದರೆ ಗಾಬರಿ ಬೇಡ. ಕಬ್ಬೆಕ್ಕು ಅಂದರೆ ಪುನುಗಿನ ಜಾತಿಯದು, ರಾತ್ರಿ ತಿರುಗುವ ಪ್ರಾಣಿ, ಜನ ಓಡಾಡಿದರೆ ದೂರ ನಿಲ್ಲುತ್ತದೆ. ಅಟ್ಟದ ಬಾಗಿಲು ತೆರೆದಿಟ್ಟು, ದೀಪ ಆರಿಸಿ, ಆ ಕಡೆ ಹೋಗದೆ ಇರಿ. ಬೆಳಿಗ್ಗೆಯೂ ಮರಿಗಳು ಹಸಿದು ಕೂಗುತ್ತಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ನಮ್ಮ ಮನೆಗೆ ಬಂದ ಮರಿಯ ತಾಯಿಯನ್ನು ನಾಯಿಗಳು ಕೊಂದಿದ್ದವು. ಅಪ್ಪ ಹತ್ತಿಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಬಾಯಿಗೆ ಹಿಡಿಯುತ್ತಿದ್ದರು. ಎರಡೂ ಮುಂಗಾಲಿನಲ್ಲಿ ಅಪ್ಪನ ಹೆಬ್ಬೆರಳು ಒತ್ತಿಕೊಂಡು ಅದು ಚೀಪುತ್ತಿತ್ತು. ಗೂಡಿಗೆ ಹಾಕಲೇ ಇಲ್ಲ. ದೊಡ್ಡದಾದ ಮೇಲೆ ಹಗಲಿಡೀ ಅಟ್ಟದ ಬುಟ್ಟಿಯಲ್ಲಿ ನಿದ್ದೆ, ರಾತ್ರಿ ಮಾಡಿನ ಮೇಲೆ ಸವಾರಿ. ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು, ಪರಿಮಳದ ಅಕ್ಕಿ ಬೇಯುವಾಗಿನ ಹಾಗೆ. ಅಂಗಳದಲ್ಲಿ ಅದು ಹಾಕಿದ ಹಿಕ್ಕೆಯಲ್ಲಿ ಬೈನೆ ಮರದ ಹಣ್ಣಿನ ಬೀಜ ಕಂಡ ದಿನ ಅಪ್ಪ ತುಂಬಾ ಖುಷಿಪಟ್ಟರು: "ಇನ್ನು ಅದಕ್ಕೆ ನಾವು ಬೇಡ." ಆಮೇಲೆ ಬರುವುದು ಕಡಿಮೆಯಾಯಿತು. ಕೊನೆಗೆ ನಿಂತಿತು.

ನಡುವೆ ಒಮ್ಮೆ ತಮ್ಮನ ಬೆರಳು ಕಚ್ಚಿತ್ತು. ಇಂಥ ಪ್ರಾಣಿಗಳಿಂದಲೂ ಹುಚ್ಚುನಾಯಿ ರೋಗ (ರೇಬೀಸ್) ಬರಬಹುದು. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಂಗಡಿಯಿಂದ ತಂದ, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಆಮೆ ಈಗ ಗಾಜಿನ ತೊಟ್ಟಿಗೆ ಹಿಡಿಸುತ್ತಿಲ್ಲ. ಚಂದ್ರಗಿರಿ ಹೊಳೆಗೆ ಬಿಡಬಹುದೇ?
– ಕಾಸರಗೋಡಿನ ಓದುಗರು

ಉತ್ತರ: ಖಂಡಿತಾ ಬೇಡ. ಹೊಳೆಗೂ ಬೇಡ, ದೇವಸ್ಥಾನದ ಕೆರೆಗೂ ಬೇಡ. ಇದು ಅಮೆರಿಕದ ಆಮೆ. ನಾಣ್ಯದಷ್ಟಿರುವಾಗ ಮಾರುತ್ತಾರೆ, ಬೆಳೆದರೆ ಒಂದಡಿ ತನಕ ಆಗುತ್ತದೆ, 30 ವರ್ಷ ಬದುಕಲೂಬಹುದು. ಹೊರಗೆ ಬಿಟ್ಟರೆ ಊರಿನ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಹಿಡಿಯುತ್ತದೆ.

ಚಂದ್ರಗಿರಿಯಲ್ಲಿ ಯಾರಿದ್ದಾರೆ ಗೊತ್ತಲ್ಲ? ಮಲಯಾಳದಲ್ಲಿ ಪಾಲಪೂವನ್ ಅನ್ನುವ ಮೆತ್ತನೆ ಚಿಪ್ಪಿನ ದೊಡ್ಡ ಆಮೆ. ಮರಳಿನೊಳಗೆ ಹೂತುಕೊಂಡು ಕಣ್ಣು, ಮೂಗು ಮಾತ್ರ ಹೊರಗಿಟ್ಟು ಮಲಗುತ್ತದೆ. ಜಗತ್ತಿನಲ್ಲೇ ಅಪರೂಪ. 2023ರಲ್ಲಿ ಅದನ್ನು ನಮ್ಮ ಜಿಲ್ಲೆಯ ಅಧಿಕೃತ ಜೀವಿ ಎಂದು ಘೋಷಿಸಿದರು. ಅದರ ಮನೆಗೆ ಇನ್ನೊಂದು ತೊಂದರೆ ಕಳಿಸುವುದು ಬೇಡ.

ತ್ರಿಶ್ಶೂರಿನ ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಮ್ಮಲ್ಲಿರುವಂಥ ಕೆಂಪು ಪಟ್ಟೆಯ ಆಮೆಗಳ ಬಗ್ಗೆ ಕೆಲಸ ಮಾಡಿದ್ದಾರೆ. ಅವರನ್ನು ಕೇಳಿ. ಅಲ್ಲಿವರೆಗೆ ದೊಡ್ಡ ತೊಟ್ಟಿ ಮಾಡಿಸಿ, ಹತ್ತಿ ಕೂರಲು ಕಲ್ಲಿಡಿ, ಬಿಸಿಲು ಬೀಳಲಿ. ಈ ಆಮೆಗಳಿಂದ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾದ ಸೋಂಕು ಬರಬಹುದು. 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು ಅಮೆರಿಕದಲ್ಲೇ 1975ರಲ್ಲಿ ಅದಕ್ಕಾಗಿ ನಿಷೇಧಿಸಿದರು. ಹಾಗಾಗಿ ಮುಟ್ಟಿದ ಮೇಲೆ ಮಕ್ಕಳು ಸೋಪಿನಲ್ಲಿ ಕೈ ತೊಳೆಯಲಿ. ತೊಟ್ಟಿಯ ನೀರನ್ನು ಅಡುಗೆಮನೆಯ ಸಿಂಕಿಗೆ ಚೆಲ್ಲಬೇಡಿ, ತೋಡಿಗೂ ಬೇಡ. ತೆಂಗಿನ ಬುಡಕ್ಕೆ ಹಾಕಿ.