ತೊಡೆಸಂದಿನ ರಂಧ್ರಕ್ಕೆ ದಾರವೋ, ಪ್ಲಗ್ಗೋ?

ಪ್ರಶ್ನೆ: ನಮ್ಮ ತಂದೆಗೆ 79 ವರ್ಷ. ಹೃದಯದ ಮಹಾಪಧಮನಿ ಕವಾಟ ಕಿರಿದಾಗಿದೆ. ಎದೆ ತೆರೆಯದೆ ತೊಡೆಸಂದಿನಿಂದ ಹೊಸ ಕವಾಟ ಕೂರಿಸುವ ‘ಟಾವಿ’ ಮಾಡೋಣ ಎಂದಿದ್ದಾರೆ. ಕೊನೆಗೆ ರಕ್ತನಾಳವನ್ನು ದಾರ ಹಾಕಿ ಮುಚ್ಚುತ್ತಾರಂತೆ. ನಮ್ಮ ಭಾವನ ತಂದೆಗೆ ಬೇರೆ ಕಡೆ ಪ್ಲಗ್ ಹಾಕಿದರು, ಕ್ಷಣದಲ್ಲಿ ರಕ್ತ ನಿಂತಿತಂತೆ. ದಾರ ಹಳೆಯ ವಿಧಾನವೇ? ಪ್ಲಗ್ ಹಾಕಿ ಎಂದು ನಾವೇ ಕೇಳಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೇಳಬಹುದು. ನಮ್ಮ ತಂದೆಯಾಗಿದ್ದರೆ ನಾನಂತೂ ಕೇಳುತ್ತಿರಲಿಲ್ಲ.

ಮಣಿಕಟ್ಟಿನಲ್ಲಿ ಮಾಡುವ ಆಂಜಿಯೋಗ್ರಾಮಿನ ನಳಿಕೆಗೆ ಒಳಅಳತೆ ಸುಮಾರು 2 ಮಿ.ಮೀ. ಕವಾಟ ಸಾಗಿಸುವ ನಳಿಕೆಗೆ ಅದು 4.5 ಮಿ.ಮೀ. ದಾಟುತ್ತದೆ. ಅಷ್ಟು ದೊಡ್ಡ ತೂತು ಬೆರಳಲ್ಲಿ ಒತ್ತಿ ಹಿಡಿದರೆ ನಿಲ್ಲುವುದಿಲ್ಲ. ಹಾಗಾಗಿ ಪ್ರೊಗ್ಲೈಡ್ ಎಂಬ ಸಾಧನದಿಂದ, ತೂತು ಚಿಕ್ಕದಿರುವಾಗಲೇ, ಸಾಮಾನ್ಯವಾಗಿ ಎರಡು ದಾರಗಳನ್ನು ನಾಳದ ಗೋಡೆಗೆ ಪೋಣಿಸಿ ಬಿಟ್ಟಿರುತ್ತೇವೆ. ಕವಾಟ ಕೂರಿಸಿ ನಳಿಕೆ ಎಳೆಯುವಾಗ ಗಂಟು ಬಿಗಿಯುತ್ತೇವೆ. ನಿಮ್ಮ ಭಾವನ ತಂದೆಗೆ ಹಾಕಿದ್ದು ಬಹುಶಃ ಮಾಂಟಾ: ನಾಳದೊಳಗೆ ಒಂದು ಪುಟ್ಟ ಆಧಾರಪಟ್ಟಿ, ಹೊರಗೆ ಕೊಲ್ಯಾಜೆನ್ ಎಂಬ ಪ್ರೋಟೀನಿನ ಮುದ್ದೆ, ಎರಡನ್ನೂ ಬಿಗಿಹಿಡಿಯುವ ಉಕ್ಕಿನ ಬೀಗ.

ಬೇಗ ಮುಚ್ಚುತ್ತದೆ ಅನ್ನುವುದು ನಿಜ. ಜರ್ಮನಿಯಲ್ಲಿ 516 ಟಾವಿ ರೋಗಿಗಳ ಮೇಲೆ ಇವೆರಡನ್ನೂ ಹೋಲಿಸಿದ ಚಾಯ್ಸ್-ಕ್ಲೋಷರ್ ಅಧ್ಯಯನ 2022ರಲ್ಲಿ ಅಚ್ಚಾಯಿತು. ರಕ್ತ ನಿಲ್ಲಲು ಪ್ಲಗ್ಗಿಗೆ 80 ಸೆಕೆಂಡು, ದಾರಕ್ಕೆ 240. ಆದರೆ ಆ ಜಾಗದ ರಕ್ತನಾಳದ ತೊಂದರೆಗಳು, ಸಣ್ಣವೂ ದೊಡ್ಡವೂ ಸೇರಿ, ಪ್ಲಗ್ ಗುಂಪಿನಲ್ಲಿ ಶೇ. 19.4, ದಾರದ ಗುಂಪಿನಲ್ಲಿ ಶೇ. 12. ಎರಡೂವರೆ ನಿಮಿಷದ ಉಳಿತಾಯ ಮಲಗಿರುವ ನಿಮ್ಮ ತಂದೆಗೆ ಗೊತ್ತೂ ಆಗುವುದಿಲ್ಲ.

ನನಗೆ ಇದಕ್ಕಿಂತ ಮುಖ್ಯವಾದದ್ದು, ಕೈಕೊಟ್ಟಾಗ ಯಾವುದು ಹೇಗೆ ಕೈಕೊಡುತ್ತದೆ ಎಂಬುದು. ದಾರ ಸೋತರೆ ಸಾಮಾನ್ಯವಾಗಿ ರಕ್ತ ಜಿನುಗುತ್ತದೆ. ನಳಿಕೆಗೆ ದಾರಿ ತೋರಲು ಹಾಕಿದ ತೆಳು ತಂತಿ ಇನ್ನೂ ನಾಳದೊಳಗೇ ಇರುವುದರಿಂದ ಮತ್ತೊಂದು ದಾರ ಹಾಕಬಹುದು. ಪ್ಲಗ್ ಸರಿಯಾಗಿ ಕೂರದಿದ್ದರೆ ರಕ್ತ ಸೋರಬಹುದು, ಇಲ್ಲವೇ ನಾಳವೇ ಕಟ್ಟಿಕೊಂಡು ಕಾಲು ತಣ್ಣಗಾಗಬಹುದು. ಆಗ ರಕ್ತನಾಳದ ಸರ್ಜನ್ ಬೇಕು. ಹಾಗೆಂದು ಪ್ಲಗ್ ಕೆಟ್ಟದ್ದಲ್ಲ. ದಿನವೂ ಅದನ್ನೇ ಬಳಸುವವರ ಕೈಯಲ್ಲಿ ಚೆನ್ನಾಗಿಯೇ ಕೂರುತ್ತದೆ. ಒಂದು ದಾರ, ಜೊತೆಗೊಂದು ಸಣ್ಣ ಕೊಲ್ಯಾಜೆನ್ ಪ್ಲಗ್ ಎಂಬ ಜೋಡಿ ವಿಧಾನವೂ ಇದೆ. ಎರಡು ದಾರಗಳಿಗಿಂತ ಅದರಲ್ಲಿ ತೊಂದರೆ ಕಡಿಮೆ ಎಂದು ಜರ್ಮನಿಯದೇ ಇನ್ನೊಂದು ಅಧ್ಯಯನ ಹೇಳಿದೆ.

ಹಾಗಾಗಿ ಸಾಧನದ ಹೆಸರು ಹಿಡಿದು ಪಟ್ಟು ಹಿಡಿಯಬೇಡಿ. ತಂದೆಯ ಸಿ.ಟಿ. ಸ್ಕ್ಯಾನ್ ಮುಂದಿಟ್ಟುಕೊಂಡು ಕೇಳಿ: ತೊಡೆಯ ನಾಳ ಎಷ್ಟು ಅಗಲವಿದೆ? ಮುಂಭಾಗದ ಗೋಡೆಯಲ್ಲಿ ಸುಣ್ಣ ಕಟ್ಟಿದೆಯೇ? ಕಟ್ಟಿದ್ದರೆ ದಾರವೂ ಸರಿಯಾಗಿ ಹಿಡಿಯುವುದಿಲ್ಲ, ಪ್ಲಗ್ಗೂ ಕೂರುವುದಿಲ್ಲ; ಕೆಲವೊಮ್ಮೆ ಚರ್ಮ ಕೊಯ್ದು ನೇರವಾಗಿ ಹೊಲಿಯುವುದೇ ಮೇಲು. ನೀವು ಹೆಚ್ಚಾಗಿ ಬಳಸುವುದು ಯಾವುದು? ರಕ್ತ ನಿಲ್ಲದಿದ್ದರೆ ಸರ್ಜನ್ ಇದೇ ಕಟ್ಟಡದಲ್ಲಿ ಇರುತ್ತಾರೆಯೇ? ಈ ಕೊನೆಯ ಪ್ರಶ್ನೆ ಕೇಳಲು ಜನ ಸಂಕೋಚಪಡುತ್ತಾರೆ. ನೀವು ಪಡಬೇಡಿ.

ಮನೆಗೆ ಬಂದ ಮೇಲೆ ವೈದ್ಯರು ಹೇಳಿದಷ್ಟು ದಿನ ಕುಕ್ಕರುಗಾಲಲ್ಲಿ ಕೂರುವುದು, ಭಾರ ಎತ್ತುವುದು ಬೇಡ. ಕಮೋಡ್ ಕುರ್ಚಿ ಮೊದಲೇ ತಂದಿಡಿ. ತೊಡೆಸಂದಿನಲ್ಲಿ ಗಂಟು ಬೆಳೆದರೆ, ಪಾದ ತಣ್ಣಗಾದರೆ, ಸೊಂಟನೋವಿನ ಜೊತೆ ತಲೆ ಸುತ್ತಿ ಬೆವರಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.