ಅಂಗಳದ ಟರ್ಕಿ ಎಣಿಸಿ ಬೇಟೆಯ ಮಿತಿ ಏರಿಸಿ ಎನ್ನಬೇಡಿ

ಪ್ರಶ್ನೆ: ಅಮೆರಿಕದ ಬಾಸ್ಟನ್ ಹೊರವಲಯದ ನಮ್ಮ ಬೀದಿಯಲ್ಲಿ ಕಾಡು ಟರ್ಕಿ ಕೋಳಿಗಳ ಹಾವಳಿ. ಕಾರಿಗೆ ಅಡ್ಡ ನಿಲ್ಲುತ್ತವೆ, ಮಕ್ಕಳನ್ನು ಅಟ್ಟಿಸಿಕೊಂಡು ಬರುತ್ತವೆ. ಇಷ್ಟೊಂದು ಇರುವಾಗ ಬೇಟೆಗೆ ಮಿತಿ ಏಕೆ?

ಪ್ರತಿ ವಸಂತದಲ್ಲೂ ಇದೇ ಪ್ರಶ್ನೆ ಬರುತ್ತದೆ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅನುಮತಿಯಿಲ್ಲದೆ ಯಾರ ಮನೆಯ 500 ಅಡಿಯೊಳಗೂ ಬೇಟೆಯಾಡುವಂತಿಲ್ಲ. ಮಿತಿ ಏರಿಸಿದರೆ ಸಾಯುವುದು ಕಾಡಿನ ಹಕ್ಕಿ. ನಿಮ್ಮ ಬೀದಿಯದು ಅಲ್ಲೇ ಇರುತ್ತದೆ. ಅದನ್ನು ಅಲ್ಲಿಗೆ ಕರೆದದ್ದು ಅಂಗಳದಲ್ಲಿ ಚೆಲ್ಲಿದ ಕಾಳು. ಮೊದಲು ಅದನ್ನು ನಿಲ್ಲಿಸಿ. ಬೂಷ್ಟು ಹಿಡಿದ ಮೆಕ್ಕೆಜೋಳ ಅವಕ್ಕೆ ವಿಷವೂ ಹೌದು. ಹಕ್ಕಿ ಮೈಮೇಲೆ ಬಂದರೆ ಓಡಬೇಡಿ, ಪೊರಕೆ ಹಿಡಿದು ಗದರಿಸಿ.

ಆ ರಾಜ್ಯದ ಮೂಲ ತಳಿಯ ಕೊನೆಯ ಟರ್ಕಿ 1851ರಲ್ಲಿ ಸತ್ತಿತು. ಈಗಿರುವವು 1972–73ರಲ್ಲಿ ನ್ಯೂಯಾರ್ಕ್‌ನಿಂದ ಹಿಡಿದು ತಂದು ಬರ್ಕ್‌ಶೈರ್ ಬೆಟ್ಟಗಳಲ್ಲಿ ಬಿಟ್ಟ 37 ಹಕ್ಕಿಗಳಿಂದ ಬೆಳೆದ ಸಂತತಿ. ಹೆಚ್ಚಿದ್ದು ಮತ್ತೆ ಇಳಿಯದು ಎಂದುಕೊಂಡಿದ್ದರೆ ದಕ್ಷಿಣದ ರಾಜ್ಯಗಳನ್ನು ನೋಡಿ. ಅಲ್ಲಿ ಹೇಟೆಯ ಹಿಂದೆ ಕಾಣುವ ಮರಿಗಳು ಕಡಿಮೆಯಾಗುತ್ತ ಬಂದಿವೆ. 2022ರಲ್ಲಿ ಜಾರ್ಜಿಯಾ ಒಬ್ಬ ಬೇಟೆಗಾರನಿಗೆ ಒಂದು ಬೇಟೆಗಾಲಕ್ಕೆ ಮೂರು ಹುಂಜಗಳೆಂಬ ಮಿತಿಯನ್ನು ಎರಡಕ್ಕೂ ಅಲಬಾಮಾ ಐದನ್ನು ನಾಲ್ಕಕ್ಕೂ ಇಳಿಸಿದವು. ಮರುವರ್ಷ ಟೆನೆಸ್ಸೀ ಮಿತಿಯನ್ನು ಎರಡಕ್ಕೆ ತಂದು, ಬೇಟೆಯ ಆರಂಭವನ್ನೂ ಎರಡು ವಾರ ತಡಮಾಡಿತು.

ಹುಂಜವನ್ನಷ್ಟೇ ಹೊಡೆದರೆ ನಷ್ಟವೇನು ಎಂದು ವಾದಿಸುವವರಿದ್ದಾರೆ. ಒಂದು ಹುಂಜ ಹಲವು ಹೇಟೆಗಳನ್ನು ಕೂಡುತ್ತದೆ ಎಂಬುದು ನಿಜ. ಆದರೆ ಕೂಡುವ ಕಾಲಕ್ಕೆ ಮೊದಲೇ ಬಲಿಷ್ಠ ಹುಂಜಗಳು ಬಿದ್ದರೆ ಸಂತಾನಕ್ಕೆ ಪೆಟ್ಟಾದೀತು ಎಂಬ ಆತಂಕವಿದೆ. ಈ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ನಾನು ಎಚ್ಚರಿಕೆಯ ಪರ. ಹೇಟೆ ನೆಲದ ಮೇಲೆ ಸುಮಾರು 28 ದಿನ ಕಾವು ಕೂರಬೇಕು. ರಕೂನ್, ಸ್ಕಂಕ್ ಎಂಬ ಸಣ್ಣ ಕಾಡುಪ್ರಾಣಿಗಳು ಮೊಟ್ಟೆ ಕದಿಯುತ್ತವೆ. ಹೊರಬಂದ ಮರಿಗೆ ಮೊದಲ ದಿನಗಳಲ್ಲಿ ಹಾರಲಾಗದು, ಚಳಿಮಳೆಗೆ ನೆನೆದರೆ ಸತ್ತೇಹೋಗುತ್ತದೆ. ಮಳೆಯನ್ನಾಗಲಿ ರಕೂನನ್ನಾಗಲಿ ಕಾನೂನಿನಿಂದ ತಡೆಯಲಾಗದು. ತಡೆಯಬಹುದಾದದ್ದು ಬಂದೂಕು. ಶರತ್ಕಾಲದಲ್ಲಿ ಹೇಟೆಯನ್ನೂ ಹೊಡೆಯಲು ಬಿಡುವ ಕಡೆ ನಾನು ಇನ್ನೂ ಬಿಗಿಯಾಗಿರುತ್ತೇನೆ. ಒಂದು ಹೇಟೆ ಹೋದರೆ ಮುಂದಿನ ವರ್ಷದ ಒಂದು ಗೂಡೇ ಹೋಯಿತು.

ಪ್ರಶ್ನೆ: ಫಾರಂನಲ್ಲಿ ಬೆಳೆಸಿದ ಮರಿಗಳನ್ನು ಕಾಡಿಗೆ ಬಿಡಬಹುದೇ?

ಬೇಡ. ದಶಕಗಳ ಕಾಲ ಹಾಗೆ ಬಿಟ್ಟು ಸೋತಾಗಿದೆ. ಅವು ಬೇಗ ಸಾಯುತ್ತವೆ, ರೋಗ ಹರಡುತ್ತವೆ. ‘ಕಾಡು ತಳಿ’ ಎಂದು ಮಾರುವವರ ಮಾತಿಗೆ ಮರುಳಾಗಬೇಡಿ.

ಪ್ರಶ್ನೆ: ಮಳೆಯಲ್ಲಿ ಬಾಯಿ ತೆರೆದು ಮೇಲೆ ನೋಡುತ್ತಾ ಟರ್ಕಿ ಮುಳುಗಿ ಸಾಯುತ್ತದಂತೆ?

ಶುದ್ಧ ಸುಳ್ಳು.

ಪ್ರಶ್ನೆ: ಟರ್ಕಿಯನ್ನೇ ರಾಷ್ಟ್ರಪಕ್ಷಿ ಮಾಡಿ ಎಂದು ಅಮೆರಿಕದ ಸ್ಥಾಪಕ ನಾಯಕರಲ್ಲೊಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್ ಕೇಳಿದ್ದರೇ?

ಇಲ್ಲ. 1784ರಲ್ಲಿ ಮಗಳಿಗೆ ಬರೆದ ಪತ್ರದಲ್ಲಿ ಹದ್ದಿಗಿಂತ ಟರ್ಕಿ ಮೇಲು ಎಂದು ಹೊಗಳಿದ್ದರು, ಅಷ್ಟೇ.